ಪರೀಕ್ಷೆ ರದ್ದಾಯಿತು, ಸೀಟಿಗೆ ಮುಂದೇನು?

ಟಿವಿ ಪರದೆಯ ಕೆಳಗೆ ‘ಪ್ರವೇಶ ಪರೀಕ್ಷೆ ರದ್ದು’ ಎಂಬ ಪಟ್ಟಿ ಓಡಿತೆಂದರೆ ಪಿಯು ಓದುವ ಮಕ್ಕಳಿರುವ ಮನೆಯಲ್ಲಿ ಆ ರಾತ್ರಿ ಯಾರಿಗೂ ಊಟ ಸೇರುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳುತ್ತಾರೆ. ‘ಅರ್ಜಿ ಮತ್ತೆ ಹಾಕಬೇಕಂತೆ’, ‘ಪಿಯು ಅಂಕದ ಮೇಲೇ ಸೀಟಂತೆ’, ‘ಈ ವರ್ಷ ಹೋಯಿತಂತೆ’. ಈ ‘ಅಂತೆ’ಗಳಲ್ಲಿ ಅರ್ಧ ಸುಳ್ಳು, ಇನ್ನರ್ಧ ಅವಸರ. 2020ರಿಂದ ಈಚೆಗೆ ನಮ್ಮ ಮಕ್ಕಳು ಇಂಥದ್ದನ್ನು ಹಲವು ಸಲ ಕಂಡಿದ್ದಾರೆ. ಆಗೆಲ್ಲ ನಿಜಕ್ಕೂ ಏನಾಯಿತು, ಸೀಟು ಹೇಗೆ ಹಂಚಿದರು ಎಂದು ಗೊತ್ತಿದ್ದರೆ ಮುಂದಿನ ಸಲ ಏನು ಮಾಡಬೇಕೆಂದು ಅಂದಾಜು ಸಿಗುತ್ತದೆ.

ಯಾವ ‘ರದ್ದು’ ಎಂದು ಮೊದಲು ಕೇಳಿ

ಸುದ್ದಿಯಲ್ಲಿ ಎಲ್ಲದಕ್ಕೂ ‘ರದ್ದು’ ಎಂದೇ ಹೇಳುತ್ತಾರೆ. ಆದರೆ ಅದರೊಳಗೆ ಬೇರೆ ಬೇರೆ ಸಂಗತಿಗಳಿವೆ. ಒಂದೊಂದಕ್ಕೂ ನೀವು ಮಾಡಬೇಕಾದ ಕೆಲಸ ಬೇರೆ.

ಹೆಚ್ಚಿನ ಸಲ ಆಗುವುದು ಬರೀ ಮುಂದೂಡಿಕೆ. 2020ರ ನೀಟ್, ಅಂದರೆ ವೈದ್ಯಕೀಯ ಸೀಟಿಗಾಗಿ ದೇಶಕ್ಕೆಲ್ಲ ಒಂದೇ ಆಗಿ ನಡೆಯುವ ಪರೀಕ್ಷೆ, ಮೇ 3ಕ್ಕೆ ನಿಗದಿಯಾಗಿತ್ತು. ಅದು ಜುಲೈ 26ಕ್ಕೆ ಹೋಯಿತು. ಮತ್ತೆ ಸೆಪ್ಟೆಂಬರ್ 13ಕ್ಕೆ ಹೋಯಿತು. ಕೊನೆಗೆ ನಡೆಯಿತು. ನಮ್ಮ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯೂ ಆ ವರ್ಷ ಏಪ್ರಿಲ್‌ನಿಂದ ಜಾರಿ ಜುಲೈ 30 ಮತ್ತು 31ರಂದು ನಡೆಯಿತು. ಮುಂದೂಡಿಕೆಯಲ್ಲಿ ನಿಮ್ಮ ಅರ್ಜಿ ಜೀವಂತವಾಗಿಯೇ ಇರುತ್ತದೆ. ಹೊಸ ಹಾಲ್ ಟಿಕೆಟ್ ಇಳಿಸಿಕೊಳ್ಳಬೇಕು, ಅಷ್ಟೆ. ಆದರೆ ಪರೀಕ್ಷಾ ಕೇಂದ್ರ ಬದಲಾಗಿರಬಹುದು. ಹಳೇ ಹಾಲ್ ಟಿಕೆಟ್ ನೋಡಿಕೊಂಡು ಹಳೇ ಕಾಲೇಜಿನ ಗೇಟಿಗೆ ಹೋಗಿ ನಿಂತವರನ್ನು ನಾನು ಬಲ್ಲೆ.

ಎರಡನೆಯದು, ಬರೆದು ಮುಗಿಸಿದ ಪರೀಕ್ಷೆಯನ್ನೇ ರದ್ದು ಮಾಡಿ ಮತ್ತೆ ಬರೆಸುವುದು. ಯುಜಿಸಿ-ನೆಟ್ ಎಂಬುದು ಉಪನ್ಯಾಸಕರಾಗಲು ಮತ್ತು ಪಿಎಚ್‌ಡಿಗೆ ಸೇರಲು ಬರೆಯುವ ಪರೀಕ್ಷೆ. 2024ರ ಜೂನ್ 18ರಂದು ಅದನ್ನು ಒಂಬತ್ತು ಲಕ್ಷದಷ್ಟು ಮಂದಿ ಬರೆದರು. ಮರುದಿನವೇ ಅದು ರದ್ದಾಯಿತು. ಮರುಪರೀಕ್ಷೆ ಆಗಸ್ಟ್ ಕೊನೆಯಲ್ಲಿ ಶುರುವಾಯಿತು. ಆದರೆ ಆಗ ಪೆನ್ನು ಕಾಗದ ಹೋಗಿ ಕಂಪ್ಯೂಟರ್ ಬಂದಿತ್ತು. ದಿನಾಂಕ ಬದಲಾಗುವುದನ್ನು ಎಲ್ಲರೂ ಗಮನಿಸುತ್ತಾರೆ, ವಿಧಾನ ಬದಲಾಗುವುದನ್ನು ಗಮನಿಸುವವರು ಕಡಿಮೆ. ಮೌಸ್ ಹಿಡಿದು ಗೊತ್ತಿಲ್ಲದ ಮಗುವಿಗೆ ಇದು ಸಣ್ಣ ಬದಲಾವಣೆಯಲ್ಲ.

ಮೂರನೆಯದು, ಕೆಲವರಿಗೆ ಮಾತ್ರ ಮರುಪರೀಕ್ಷೆ. 2024ರ ನೀಟ್‌ನಲ್ಲಿ ಸಮಯ ನಷ್ಟವಾಯಿತೆಂದು 1,563 ಮಂದಿಗೆ ಕೃಪಾಂಕ ಕೊಟ್ಟಿದ್ದರು. ಗಲಾಟೆಯಾದ ಮೇಲೆ ಕೃಪಾಂಕ ತೆಗೆದು, ಅವರಿಗೆ ಮಾತ್ರ ಜೂನ್ 23ರಂದು ಮತ್ತೆ ಪರೀಕ್ಷೆ ಇಟ್ಟರು. ಇಡೀ ಪರೀಕ್ಷೆಯನ್ನೇ ರದ್ದು ಮಾಡಿ ಎಂದು ಹಲವರು ಸುಪ್ರೀಂ ಕೋರ್ಟಿಗೆ ಹೋದರು. ಹಜಾರಿಬಾಗ್ ಮತ್ತು ಪಟ್ನಾದಲ್ಲಿ ಪ್ರಶ್ನೆಪತ್ರಿಕೆ ಸೋರಿದ್ದು ನಿಜವೆಂದು ಕೋರ್ಟು ಒಪ್ಪಿತು. ಆದರೆ ಇಡೀ ಪರೀಕ್ಷೆ ಕೆಟ್ಟಿದೆ ಎನ್ನಲು ಸಾಕ್ಷ್ಯ ಸಾಲದೆಂದು ಜುಲೈ 23ರಂದು ರದ್ದತಿಯನ್ನು ನಿರಾಕರಿಸಿತು. ಫಲಿತಾಂಶದಿಂದ ತೀರ್ಪಿನವರೆಗಿನ ಆ ಏಳು ವಾರ ‘ಹೇಗೂ ರದ್ದಾಗುತ್ತದೆ’ ಎಂದು ಕೈಕಟ್ಟಿ ಕುಳಿತವರಿಗೂ, ‘ಹೇಗೂ ರದ್ದಾಗುವುದಿಲ್ಲ’ ಎಂದು ಪುಸ್ತಕ ಮುಚ್ಚಿಟ್ಟವರಿಗೂ ನಿದ್ದೆ ಇರಲಿಲ್ಲ.

ನಾಲ್ಕನೆಯದು ನಮ್ಮದೇ ಮನೆಯದು. 2024ರ ಏಪ್ರಿಲ್ 18 ಮತ್ತು 19ರ ಸಿಇಟಿಯಲ್ಲಿ ಪಠ್ಯಕ್ರಮದಿಂದ ಕೈಬಿಟ್ಟ ಪಾಠಗಳ ಪ್ರಶ್ನೆಗಳು ಬಂದವು. ಮರುಪರೀಕ್ಷೆ ಬೇಕೆಂದು ಕೂಗೆದ್ದಿತು. ಸರ್ಕಾರ ಮರುಪರೀಕ್ಷೆ ಮಾಡಲಿಲ್ಲ. ನಾಲ್ಕೂ ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಬಿಟ್ಟು ಉಳಿದವಕ್ಕೆ ಅಂಕ ಕೊಟ್ಟರು.

ಕೊನೆಯದು ಅಪರೂಪದ್ದು: ಪರೀಕ್ಷೆ ಪೂರ್ತಿ ರದ್ದು, ಮರುಪರೀಕ್ಷೆಯೂ ಇಲ್ಲ. 2021ರಲ್ಲಿ ದ್ವಿತೀಯ ಪಿಯುಗೆ ಆದದ್ದು ಇದು. ಇದರ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು.

ಒಂದು ಕಂಬ ಬಿದ್ದರೆ ಭಾರ ಎಲ್ಲಿಗೆ ಹೋಗುತ್ತದೆ?

ಕರ್ನಾಟಕದಲ್ಲಿ ಎಂಜಿನಿಯರಿಂಗ್ ರ್ಯಾಂಕು ಎರಡು ಕಂಬಗಳ ಮೇಲೆ ನಿಂತಿದೆ. ಒಂದು ದ್ವಿತೀಯ ಪಿಯುಸಿಯ ಅಂಕ, ಇನ್ನೊಂದು ಸಿಇಟಿಯ ಅಂಕ. ಸಿಇಟಿ ಎಂದರೆ ಸಾಮಾನ್ಯ ಪ್ರವೇಶ ಪರೀಕ್ಷೆ. ನಡೆಸುವುದು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಎಲ್ಲರ ಬಾಯಲ್ಲಿ ಕೆಇಎ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಕ್ಕೆ ಒಂದೊಂದಕ್ಕೆ 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್‌ಗೆ ಭೌತ, ರಸಾಯನ, ಗಣಿತ ಈ ಮೂರರ ಪಿಯು ಅಂಕವನ್ನು ಐವತ್ತಕ್ಕೆ ಇಳಿಸುತ್ತಾರೆ. ಇದೇ ಮೂರರ ಸಿಇಟಿ ಅಂಕವನ್ನೂ ಐವತ್ತಕ್ಕೆ ಇಳಿಸುತ್ತಾರೆ. ಎರಡನ್ನೂ ಕೂಡಿಸಿ ರ್ಯಾಂಕು ಕಟ್ಟುತ್ತಾರೆ.

ಒಂದು ಲೆಕ್ಕ ಮಾಡೋಣ. ಒಬ್ಬ ಹುಡುಗಿಗೆ ಪಿಯುಸಿಯಲ್ಲಿ ಮೂರು ವಿಷಯ ಸೇರಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 90 ಬಂದಿದೆ ಎನ್ನಿ. ಐವತ್ತಕ್ಕೆ ಇಳಿಸಿದರೆ 45 ಮತ್ತು 25, ಒಟ್ಟು 70. ಪಕ್ಕದ ಮನೆಯ ಹುಡುಗನಿಗೆ ಪಿಯುಸಿಯಲ್ಲಿ 225, ಸಿಇಟಿಯಲ್ಲಿ 120. ಅವನದು 37.5 ಮತ್ತು 33.33, ಒಟ್ಟು 70.83. ಇಬ್ಬರೂ ಹೆಚ್ಚೂಕಡಿಮೆ ಒಂದೇ ಸಾಲಿನಲ್ಲಿ ನಿಂತಿದ್ದಾರೆ.

ಈಗ ಪಿಯು ಕಂಬವನ್ನು ಕಿತ್ತುಹಾಕಿ. ಹುಡುಗಿಗೆ ನೂರಕ್ಕೆ 50, ಹುಡುಗನಿಗೆ ನೂರಕ್ಕೆ 66.67. ಇಬ್ಬರ ನಡುವೆ ಈಗ ಸಾವಿರಾರು ಜನ ಬಂದು ನಿಲ್ಲುತ್ತಾರೆ. ಯಾರೂ ಏನೂ ತಪ್ಪು ಮಾಡಿಲ್ಲ. ತಕ್ಕಡಿ ಬದಲಾಯಿತು, ಅಷ್ಟೆ.

2021ರಲ್ಲಿ ಆದದ್ದು ಇದೇ. ಕೋವಿಡ್‌ನ ಎರಡನೇ ಅಲೆಯ ನಡುವೆ, ಜೂನ್ 4ರಂದು ದ್ವಿತೀಯ ಪಿಯು ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿ ಅಂಕದಿಂದ ನೂರಕ್ಕೆ 45, ಪ್ರಥಮ ಪಿಯುವಿನಿಂದ 45, ದ್ವಿತೀಯ ಪಿಯುವಿನ ಆಂತರಿಕ ಅಂಕದಿಂದ 10, ಹೀಗೆ ಕೂಡಿಸಿ ಫಲಿತಾಂಶ ಕೊಟ್ಟರು. ಆರು ಲಕ್ಷಕ್ಕೂ ಹೆಚ್ಚು ಮಕ್ಕಳು ಪಾಸಾದರು. 2,239 ಮಂದಿಗೆ 600ಕ್ಕೆ 600 ಬಂತು. ಇಂಥ ಅಂಕವನ್ನು ರ್ಯಾಂಕಿಗೆ ಹಿಡಿಯುವಂತಿಲ್ಲ ಎಂದು ಸರ್ಕಾರ ತೀರ್ಮಾನಿಸಿತು. ಆ ವರ್ಷ ಆಗಸ್ಟ್ ಕೊನೆಯಲ್ಲಿ ನಡೆದ ಸಿಇಟಿಯ ಅಂಕವೊಂದೇ ರ್ಯಾಂಕು ಕಟ್ಟಿತು.

ಪ್ರಥಮ ಪಿಯು ಪರೀಕ್ಷೆಯನ್ನು ಯಾರೂ ಅಷ್ಟು ಲೆಕ್ಕಕ್ಕೆ ಇಡುವುದಿಲ್ಲ. ‘ಸೆಕೆಂಡ್ ಪಿಯುನಲ್ಲಿ ನೋಡಿಕೊಂಡರಾಯಿತು’ ಎನ್ನುವುದು ಮನೆಮಾತು. 2021ರ ಮಕ್ಕಳಿಗೆ ಆ ‘ಲೆಕ್ಕಕ್ಕಿಲ್ಲದ’ ಪರೀಕ್ಷೆಯೇ ಅರ್ಧದಷ್ಟು ಮಾರ್ಕ್ಸ್ ಕಾರ್ಡ್ ಆಗಿಹೋಯಿತು.

ಒಂದು ವರ್ಷದ ಬಳಿಕ ಬಂದ ಬಿಲ್ಲು

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 2021ರಲ್ಲಿ ಬೇಕಾದ ಸೀಟು ಸಿಗದವರು, ‘ಇನ್ನೊಂದು ವರ್ಷ ಓದುತ್ತೇನೆ’ ಎಂದು ಮನೆಯಲ್ಲಿ ಕೂತರು. ಇವರಿಗೆ ರಿಪೀಟರ್ಸ್ ಎನ್ನುತ್ತಾರೆ. 2022ರ ಜೂನ್‌ನಲ್ಲಿ ಮತ್ತೆ ಸಿಇಟಿ ಬರೆದರು. ಆ ವರ್ಷ ಹೊಸಬರಿಗೆ ಪಿಯು ಪರೀಕ್ಷೆ ನಡೆದಿತ್ತು, ಹಾಗಾಗಿ ಐವತ್ತು–ಐವತ್ತರ ಲೆಕ್ಕ ಮರಳಿ ಬಂದಿತ್ತು. ಆದರೆ ರಿಪೀಟರ್ಸ್‌ಗೆ ಅವರ 2021ರ ಪಿಯು ಅಂಕವನ್ನು ಹಿಡಿಯಲಿಲ್ಲ. ಪಟ್ಟಿ ಬಂದಾಗ ಅವರ ರ್ಯಾಂಕುಗಳು ಎಲ್ಲೋ ಕೆಳಗೆ ಬಿದ್ದಿದ್ದವು. ಇಂಥವರು ಸುಮಾರು 24,000 ಮಂದಿ.

ಕೆಲವರು ಹೈಕೋರ್ಟಿಗೆ ಹೋದರು. 2022ರ ಸೆಪ್ಟೆಂಬರ್‌ನಲ್ಲಿ ಏಕಸದಸ್ಯ ಪೀಠ, ಅವರ ಪಿಯು ಅಂಕವನ್ನೂ ಅರ್ಧದಷ್ಟು ಹಿಡಿದು ಹೊಸ ರ್ಯಾಂಕು ಕೊಡಿ ಎಂದಿತು. ಆಗ ಹೊಸಬರ ಪೋಷಕರು ಗಾಬರಿಯಾದರು: ಪರೀಕ್ಷೆಯೇ ಬರೆಯದೆ ಬಂದ ಅಂಕ ನಮ್ಮ ಮಕ್ಕಳ ಬರೆದ ಅಂಕಕ್ಕೆ ಸಮವೇ? ಸರ್ಕಾರ ಮೇಲ್ಮನವಿ ಹಾಕಿತು. ಕೊನೆಗೆ ನಡುದಾರಿಯೊಂದು ಸಿಕ್ಕಿತು. ರಿಪೀಟರ್ಸ್‌ನ ಪಿಯು ಅಂಕದಲ್ಲಿ ಭೌತ, ರಸಾಯನ, ಗಣಿತಕ್ಕೆ ಸರಾಸರಿ ಐದರಿಂದ ಏಳು ಅಂಕ ಕಳೆದು, ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯುವುದು. ಪರಿಷ್ಕೃತ ರ್ಯಾಂಕು ಬರುವಷ್ಟರಲ್ಲಿ ತಿಂಗಳುಗಳೇ ಉರುಳಿದ್ದವು.

ನ್ಯಾಯ ಯಾರ ಕಡೆಗಿತ್ತು ಎಂದು ಕೇಳಿದರೆ, ನನಗೆ ಇಬ್ಬರ ಮಾತೂ ಸರಿ ಎನಿಸುತ್ತದೆ. ನಿಯಮ ಮೊದಲೇ ಬರೆದಿಡದೆ ಮಕ್ಕಳನ್ನು ಒಂದು ವರ್ಷ ಕೂರಿಸಿದ್ದು ಮಾತ್ರ ಸರಿಯಲ್ಲ. ನಿಮಗೆ ಇದರಿಂದ ಉಪಯೋಗವಾಗುವ ಸಂಗತಿ ಇಷ್ಟು: ಪರೀಕ್ಷೆ ರದ್ದಾದ ವರ್ಷದಲ್ಲಿ ‘ಒಂದು ವರ್ಷ ಬಿಟ್ಟು ಬರೆಯೋಣ’ ಎಂದು ನಿರ್ಧರಿಸುವ ಮುಂಚೆ, ಆ ವರ್ಷದ ಅಂಕ ಮುಂದಿನ ವರ್ಷ ಚಲಾವಣೆಯಾಗುತ್ತದೆಯೇ ಎಂದು ಕೆಇಎಗೆ ಬರೆದು ಕೇಳಿ. ಮಾತಿನ ಉತ್ತರ ಬೇಡ, ಇಮೇಲ್ ಇರಲಿ.

ಈಗ ಪಿಯು ಕಂಬಕ್ಕೆ ಒಂದು ಆಸರೆಯೂ ಇದೆ. 2024ರಿಂದ ಪೂರಕ ಪರೀಕ್ಷೆ ಎಂಬ ಹಳೇ ಪದ್ಧತಿ ಹೋಗಿ ಪರೀಕ್ಷೆ 1, 2 ಎಂದು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ ಬಂದಿವೆ. ಫೇಲಾದವರಷ್ಟೇ ಅಲ್ಲ, ಅಂಕ ಹೆಚ್ಚಿಸಿಕೊಳ್ಳಬೇಕೆನ್ನುವವರೂ ಬರೆಯಬಹುದು. ಯಾವುದು ಹೆಚ್ಚೋ ಅದು ಉಳಿಯುತ್ತದೆ. ಎರಡನೇ ಪರೀಕ್ಷೆಯ ಅಂಕವನ್ನು ಸಿಇಟಿ ರ್ಯಾಂಕಿಗೆ ಹಿಡಿದದ್ದೂ ಇದೆ. ಆದರೆ ಅಂಕ ನಮೂದಿಸಲು ಕೆಇಎ ಕೊಡುವ ಕಿಟಕಿ ಚಿಕ್ಕದು; ಆ ಪ್ರಕಟಣೆಯ ಮೇಲೆ ಕಣ್ಣಿಡಿ.

ಹಾಗಾದರೆ ಎಷ್ಟು ಪರೀಕ್ಷೆ ಬರೆಯಬೇಕು?

ಒಂದನ್ನೇ ನಂಬಬೇಡಿ, ಏಳನ್ನೂ ಬೆನ್ನಟ್ಟಬೇಡಿ. ವಿಜ್ಞಾನದ ಮಗುವಿಗೆ ಎರಡು ಅಥವಾ ಮೂರು ಸಾಕು ಎನ್ನುವುದು ನನ್ನ ಅಭಿಪ್ರಾಯ. ಆದರೆ ಅವುಗಳನ್ನು ನಡೆಸುವವರು ಬೇರೆ ಬೇರೆಯಾಗಿರಲಿ. ನೀಟ್, ಎಂಜಿನಿಯರಿಂಗ್‌ನ ಜೆಇಇ ಮೇನ್, ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ ಮೂರನ್ನೂ ನಡೆಸುವುದು ಎನ್‌ಟಿಎ ಎಂಬ ಒಂದೇ ಕೇಂದ್ರ ಸಂಸ್ಥೆ. ಅಲ್ಲಿ ಒಂದು ಕಡೆ ಎಡವಟ್ಟಾದರೆ ಉಳಿದವುಗಳ ದಿನಾಂಕಕ್ಕೂ ಬಿಸಿ ತಟ್ಟುತ್ತದೆ. ಸಿಇಟಿಯನ್ನು ನಡೆಸುವುದು ರಾಜ್ಯದ ಕೆಇಎ. ರಾಜ್ಯದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಒಂದು ಪಾಲು ಸೀಟಿಗೆ ಕಾಮೆಡ್-ಕೆ ಎಂಬ ಕಾಲೇಜುಗಳ ಒಕ್ಕೂಟ ತನ್ನದೇ ಪರೀಕ್ಷೆ ಇಡುತ್ತದೆ. ಅದು ಕಂಪ್ಯೂಟರಿನಲ್ಲಿ, 180 ಪ್ರಶ್ನೆ, ಮೂರು ಗಂಟೆ. ಅಲ್ಲಿ ರ್ಯಾಂಕಿಗೆ ಪಿಯು ಅಂಕ ಸೇರುವುದಿಲ್ಲ. ಪಿಯು ಬರೀ ಅರ್ಹತೆಗೆ. ಅಂದರೆ ಪಿಯು ಕಂಬ ಬಿದ್ದ ವರ್ಷವೂ ಕಾಮೆಡ್-ಕೆ ಲೆಕ್ಕ ಬದಲಾಗುವುದಿಲ್ಲ. ಫೀಸು ಮಾತ್ರ ಸಿಇಟಿ ಸೀಟಿಗಿಂತ ಬಹಳ ಹೆಚ್ಚು, ಅದನ್ನು ಮೊದಲೇ ತಿಳಿದಿರಿ.

ಜೆಇಇ ಮೇನ್‌ಗೆ ಒಂದು ಅನುಕೂಲವಿದೆ. ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಸಲ ನಡೆಯುತ್ತದೆ, ಉತ್ತಮವಾದದ್ದನ್ನು ಹಿಡಿಯುತ್ತಾರೆ. ಜನವರಿಯದನ್ನು ಬರೆದಿಟ್ಟರೆ ಏಪ್ರಿಲ್‌ನಲ್ಲಿ ಏನೇ ಗಲಾಟೆಯಾದರೂ ಕೈಯಲ್ಲೊಂದು ಅಂಕ ಇರುತ್ತದೆ. ಹಲವು ದಿನ, ಹಲವು ಪಾಳಿಯಲ್ಲಿ ನಡೆಯುವುದರಿಂದ ಇಲ್ಲಿ ಅಂಕದ ಬದಲು ಪರ್ಸೆಂಟೈಲ್ ಕೊಡುತ್ತಾರೆ. ಇದು ಪರ್ಸೆಂಟೇಜ್ ಅಲ್ಲ. ನಿಮ್ಮ ಪಾಳಿಯಲ್ಲಿ ನೂರಕ್ಕೆ ಎಷ್ಟು ಮಂದಿ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಪಡೆದರು ಎನ್ನುವ ಸಂಖ್ಯೆ. ಕಷ್ಟದ ಪ್ರಶ್ನೆಪತ್ರಿಕೆ ಬಂದ ಪಾಳಿಯವರಿಗೆ ಅನ್ಯಾಯವಾಗದಿರಲೆಂದು ಈ ಏರ್ಪಾಡು.

ಖರ್ಚಿನ ಮಾತು. ಇತ್ತೀಚಿನ ವರ್ಷಗಳ ಅರ್ಜಿ ಶುಲ್ಕ ನೋಡಿದರೆ, ಸಾಮಾನ್ಯ ವರ್ಗದ ಹುಡುಗನಿಗೆ ಸಿಇಟಿ 500 ರೂಪಾಯಿ, ನೀಟ್ 1,700, ಜೆಇಇ ಮೇನ್ ಒಂದು ಸಲಕ್ಕೆ 1,000, ಕಾಮೆಡ್-ಕೆ ಎರಡು ಸಾವಿರದ ಆಸುಪಾಸು. ಎಲ್ಲ ಸೇರಿ ಐದು ಸಾವಿರ ದಾಟುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸಿಇಟಿ, ನೀಟ್, ಜೆಇಇಯಲ್ಲಿ ಕಡಿಮೆ. ಜೆಇಇಯಲ್ಲಿ ಹುಡುಗಿಯರಿಗೂ ಕಡಿಮೆ. ಪರೀಕ್ಷೆ ಮುಂದೂಡಿದಾಗ ಅಥವಾ ಮರುಪರೀಕ್ಷೆ ಇಟ್ಟಾಗ ಸಾಮಾನ್ಯವಾಗಿ ಮತ್ತೆ ಶುಲ್ಕ ಕೇಳುವುದಿಲ್ಲ. ಜೇಬಿಗೆ ಭಾರವಾಗುವುದು ಬಸ್ಸು, ಲಾಡ್ಜು, ಊಟ. 2024ರ ಜೂನ್ 23ರ ಬೆಳಗ್ಗೆ ನಡೆಯಬೇಕಿದ್ದ, ವೈದ್ಯಕೀಯ ಸ್ನಾತಕೋತ್ತರ ಸೀಟಿನ ನೀಟ್-ಪಿಜಿಯನ್ನು ಹಿಂದಿನ ರಾತ್ರಿ ಮುಂದೂಡಿದರು. ಬೇರೆ ಊರಿನ ಕೇಂದ್ರಕ್ಕೆ ಹೋಗಿ ಇಳಿದಿದ್ದ ವೈದ್ಯರು ಬರಿಗೈಲಿ ಮರಳಿದರು. ಆ ದುಡ್ಡನ್ನು ಯಾರೂ ಕೊಡಲಿಲ್ಲ. ಆದ್ದರಿಂದ ಅರ್ಜಿಯಲ್ಲಿ ಕೇಂದ್ರ ಆರಿಸುವಾಗ, ರಾತ್ರಿ ತಂಗದೆ ಹೋಗಿ ಬರಬಹುದಾದ ಊರನ್ನೇ ಮೊದಲ ಆಯ್ಕೆ ಮಾಡಿ. ಟಿಕೆಟ್ ರದ್ದು ಮಾಡಿದರೆ ಹಣ ಮರಳುವಂಥದ್ದೇ ಕೊಳ್ಳಿ.

ರದ್ದಾಗದ ಕಾಗದಗಳು

ಪರೀಕ್ಷೆ ಮುಂದೆ ಹೋದ ತಿಂಗಳುಗಳಲ್ಲಿ ಪೋಷಕರು ಮಾಡಬಹುದಾದ ಅತ್ಯುತ್ತಮ ಕೆಲಸ ನಾಡಕಚೇರಿಗೆ ಹೋಗುವುದು. ಮಗ ಓದಲಿ, ನೀವು ಕಾಗದ ಹೊಂದಿಸಿ. ರ್ಯಾಂಕು ಚೆನ್ನಾಗಿ ಬಂದೂ ಒಂದು ಪ್ರಮಾಣ ಪತ್ರದಿಂದ ಸೀಟು ತಪ್ಪಿದವರು ಪ್ರತಿ ವರ್ಷ ಇರುತ್ತಾರೆ.

ಸಿಇಟಿ ಅರ್ಜಿಗೆ ಜಾತಿ ಮತ್ತು ಆದಾಯ ಪ್ರಮಾಣ ಪತ್ರದ ಆರ್‌ಡಿ ಸಂಖ್ಯೆ ಬೇಕು. ಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಉದ್ದ ಸಂಖ್ಯೆ ಅದು. ಪರಿಶಿಷ್ಟ ಜಾತಿ, ಪಂಗಡಕ್ಕೆ ನಮೂನೆ ‘ಡಿ’, ಪ್ರವರ್ಗ 1ಕ್ಕೆ ‘ಇ’, 2ಎ, 2ಬಿ, 3ಎ, 3ಬಿಗೆ ‘ಎಫ್’. ಪತ್ರದ ಅವಧಿ ಮುಗಿದಿದೆಯೇ, ಪತ್ರದಲ್ಲಿರುವ ಹೆಸರೂ ಮಾರ್ಕ್ಸ್ ಕಾರ್ಡಿನಲ್ಲಿರುವ ಹೆಸರೂ ಅಕ್ಷರಕ್ಕೆ ಅಕ್ಷರ ಹೊಂದುತ್ತವೆಯೇ ನೋಡಿ. ‘ಇನಿಷಿಯಲ್ ಮುಂದಿದ್ದರೇನು, ಹಿಂದಿದ್ದರೇನು’ ಎಂದು ನಾವು ಹೇಳುತ್ತೇವೆ, ಕಂಪ್ಯೂಟರ್ ಒಪ್ಪುವುದಿಲ್ಲ.

ಒಂದನೇ ತರಗತಿಯಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ ಇದೆ, ನೂರಕ್ಕೆ 15. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ನೂರಕ್ಕೆ 5. ಇವೆರಡಕ್ಕೂ ವ್ಯಾಸಂಗ ಪ್ರಮಾಣ ಪತ್ರ ಬೇಕು. ಶಾಲೆಯ ಮುಖ್ಯೋಪಾಧ್ಯಾಯರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಮೇಲುಸಹಿ ಇರಬೇಕು. ಮಗು ಎರಡು ಮೂರು ಶಾಲೆ ಬದಲಿಸಿದ್ದರೆ ಎಲ್ಲ ಕಡೆಯೂ ಅಲೆಯಬೇಕು. ಕೆಲವು ಶಾಲೆ ಮುಚ್ಚಿಯೇ ಹೋಗಿರುತ್ತವೆ, ದಾಖಲೆ ಬಿಇಒ ಕಚೇರಿಯ ಕಪಾಟಿನಲ್ಲಿರುತ್ತದೆ. ಇದೆಲ್ಲ ಕೊನೇ ವಾರದ ಕೆಲಸವಲ್ಲ. ಕಲ್ಯಾಣ ಕರ್ನಾಟಕದ ಜಿಲ್ಲೆಗಳವರು ಆ ಭಾಗದ ಮೀಸಲಾತಿಗೆ ಬೇಕಾದ 371 ಜೆ ಅರ್ಹತಾ ಪತ್ರವನ್ನೂ ಇದೇ ಪುರುಸೊತ್ತಿನಲ್ಲಿ ಮಾಡಿಸಿಟ್ಟುಕೊಳ್ಳಿ.

ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದೋನಿಯಂಥ ಕಡೆಯ ಗಡಿನಾಡ ಕನ್ನಡಿಗರಿಗೆ ಮತ್ತು ಹೊರನಾಡ ಕನ್ನಡಿಗರಿಗೆ ಇನ್ನೊಂದು ಮೆಟ್ಟಿಲು ಹೆಚ್ಚು. ಸಿಇಟಿಯ ಜೊತೆ 50 ಅಂಕದ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಸಿಇಟಿಯ ದಿನಾಂಕ ಸರಿದರೆ ಇದೂ ಸರಿಯುತ್ತದೆ, ಆದರೆ ಸುದ್ದಿಯಲ್ಲಿ ಇದರ ಹೆಸರು ಬರುವುದೇ ಇಲ್ಲ. ನೀವೇ ಕೆಇಎ ಪ್ರಕಟಣೆಯ ಕೊನೆಯವರೆಗೂ ಓದಬೇಕು.

ನೀಟ್ ಬರೆಯುವ ಹಿಂದುಳಿದ ವರ್ಗದವರು ಒಂದು ಗುಂಡಿಯನ್ನು ಗಮನಿಸಿ. ರಾಜ್ಯದ ಶೇಕಡಾ 85 ಸೀಟಿಗೆ ನಿಮ್ಮ 2ಎ ಅಥವಾ 3ಬಿ ಪತ್ರ ನಡೆಯುತ್ತದೆ. ಸರ್ಕಾರಿ ಕಾಲೇಜುಗಳ ಶೇಕಡಾ 15 ಅಖಿಲ ಭಾರತ ಸೀಟಿಗೆ ನಡೆಯುವುದಿಲ್ಲ. ಅಲ್ಲಿಗೆ ಕೇಂದ್ರದ ನಮೂನೆಯ ಒಬಿಸಿ ಪತ್ರ ಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ತಹಶೀಲ್ದಾರ್ ಕಚೇರಿಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಕೇಳಿ.

ಇಂಟರ್ನೆಟ್ ಇಲ್ಲದ ಮನೆಯವರು ಗ್ರಾಮ ಒನ್ ಕೇಂದ್ರದಲ್ಲಿ ಇದನ್ನೆಲ್ಲ ಮಾಡಿಸಬಹುದು. ಆದರೆ ಅರ್ಜಿಗೆ ಕೊಡುವ ಮೊಬೈಲ್ ಸಂಖ್ಯೆ ಮನೆಯದ್ದೇ ಇರಲಿ. ಸೈಬರ್ ಸೆಂಟರಿನವರ ಸಂಖ್ಯೆ ಕೊಟ್ಟು, ದಿನಾಂಕ ಬದಲಾದ ಸಂದೇಶ ಅವರ ಫೋನಿಗೆ ಹೋಗಿ, ಮಗು ಪರೀಕ್ಷೆಯನ್ನೇ ತಪ್ಪಿಸಿಕೊಂಡದ್ದನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ಅಂದ ಹಾಗೆ, ಪರೀಕ್ಷೆ ರದ್ದಾದ ಸುದ್ದಿಯ ನಕಲಿ ಸುತ್ತೋಲೆಗಳು ಅಸಲಿಗಿಂತ ಬೇಗ ಓಡಾಡುತ್ತವೆ. ಸಹಿ, ಮೊಹರು ನೋಡಿ ನಂಬಬೇಡಿ. ಕೆಇಎ ಅಥವಾ ಎನ್‌ಟಿಎ ಜಾಲತಾಣದಲ್ಲಿ ಅದೇ ಪ್ರಕಟಣೆ ಇದ್ದರೆ ಮಾತ್ರ ನಿಜ.

ಸಿಇಟಿ, ನೀಟ್ ಬೇಡದ ಬಾಗಿಲುಗಳು

ಇವು ಎಲ್ಲರಿಗೂ ಗೊತ್ತಿರುವಂಥವೇ, ಆದರೂ ಗಾಬರಿಯಲ್ಲಿ ಮರೆತುಹೋಗುತ್ತವೆ. ರಾಜ್ಯದ ಹೆಚ್ಚಿನ ಪದವಿ ಕಾಲೇಜುಗಳಲ್ಲಿ ಬಿಎಸ್‌ಸಿ, ಬಿಕಾಂ, ಬಿಎಗೆ ಪಿಯು ಅಂಕವೇ ಸಾಕು. ಎಸ್ಸೆಸ್ಸೆಲ್ಸಿ ಆದವರು ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಸೇರಿ, ಮೂರು ವರ್ಷದ ಬಳಿಕ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಹೋಗಬಹುದು. ಈ ದಾರಿಯಲ್ಲಿ ಬಂದ ಒಳ್ಳೆಯ ಎಂಜಿನಿಯರುಗಳನ್ನು ನಾನು ಬಹಳ ನೋಡಿದ್ದೇನೆ.

ಅಮೆರಿಕದ ಕಾಲೇಜಿಗೆ ಹೊರಟವರಿಗೆ

ಬೆಂಗಳೂರು, ಮೈಸೂರಿನ ಕೆಲವು ಮನೆಗಳಲ್ಲಿ ಈಗ ಪಿಯು ಮುಗಿಸಿ ನೇರ ಅಮೆರಿಕಕ್ಕೆ ಹೋಗುವ ಮಾತಿದೆ. ಅಲ್ಲೇ ನೆಲೆಸಿದ ಕನ್ನಡಿಗರ ಮಕ್ಕಳೂ ಇದೇ ಸಾಲಿನಲ್ಲಿದ್ದಾರೆ. ಅಲ್ಲಿ ಸರ್ಕಾರದ ಒಂದೇ ಪರೀಕ್ಷೆ ಎಂಬುದಿಲ್ಲ. ಸ್ಯಾಟ್ ಮತ್ತು ಎಸಿಟಿ ಎಂಬ ಎರಡು ಖಾಸಗಿ ಪರೀಕ್ಷೆಗಳಿವೆ. 2020ರ ವಸಂತದಲ್ಲಿ ಸ್ಯಾಟ್ ಸಾಲಾಗಿ ರದ್ದಾಯಿತು. ಆಗಸ್ಟ್ 29ರ ಪರೀಕ್ಷೆಗೆ ನೋಂದಾಯಿಸಿದ್ದ ನಾಲ್ಕು ಲಕ್ಷ ಮಕ್ಕಳಲ್ಲಿ 1.78 ಲಕ್ಷದಷ್ಟು ಮಂದಿಗೆ ಕೇಂದ್ರ ಮುಚ್ಚಿದ್ದರಿಂದ ಬರೆಯಲಾಗಲಿಲ್ಲ.

ನಮ್ಮಲ್ಲಿ ಇಂಥ ಹೊತ್ತಿನಲ್ಲಿ ಹೊಸ ದಿನಾಂಕ ಹುಡುಕುತ್ತಾರೆ. ಅಲ್ಲಿನ ಕಾಲೇಜುಗಳು ಪರೀಕ್ಷೆಯನ್ನೇ ಐಚ್ಛಿಕ ಮಾಡಿದವು. ಇದಕ್ಕೆ ಟೆಸ್ಟ್ ಆಪ್ಷನಲ್ ಎನ್ನುತ್ತಾರೆ: ಅಂಕ ಇದ್ದರೆ ಕಳಿಸಿ, ಇಲ್ಲದಿದ್ದರೆ ಶಾಲೆಯ ಅಂಕಪಟ್ಟಿ, ಪ್ರಬಂಧ, ಶಿಕ್ಷಕರ ಪತ್ರದ ಮೇಲೆ ನೋಡುತ್ತೇವೆ. ಇನ್ನೊಂದು ಬಗೆ ಟೆಸ್ಟ್ ಬ್ಲೈಂಡ್: ನೀವು ಕಳಿಸಿದರೂ ಅವರು ನೋಡುವುದಿಲ್ಲ. ಬರ್ಕ್ಲಿ, ಲಾಸ್ ಏಂಜಲೀಸ್ ಸೇರಿದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಈ ಬಗೆಯದು. ಆದರೆ ಗಾಳಿ ಮತ್ತೆ ತಿರುಗಿದೆ. ಎಂಐಟಿ 2022ರಲ್ಲಿ ಪರೀಕ್ಷೆಯನ್ನು ಮರಳಿ ಕಡ್ಡಾಯ ಮಾಡಿತು. ಡಾರ್ಟ್‌ಮತ್, ಹಾರ್ವರ್ಡ್, ಕ್ಯಾಲ್‌ಟೆಕ್ 2024ರಲ್ಲಿ ಅದೇ ಹಾದಿ ಹಿಡಿದವು. ಅಣ್ಣ 2021ರಲ್ಲಿ ಅಂಕ ಕಳಿಸದೆ ಸೇರಿದನೆಂದು ತಮ್ಮ ಈಗ ಸುಮ್ಮನೆ ಕೂರುವಂತಿಲ್ಲ. ಕಾಲೇಜು ಕಾಲೇಜಿಗೂ ಅದೇ ವರ್ಷದ ನಿಯಮ ನೋಡಬೇಕು. ಭಾರತದಲ್ಲಿ 2023ರಿಂದ ಸ್ಯಾಟ್ ಕಂಪ್ಯೂಟರಿನಲ್ಲಿ ನಡೆಯುತ್ತದೆ, ವರ್ಷದಲ್ಲಿ ಹಲವು ಸಲ. ಅರ್ಜಿಯ ಗಡುವಿಗೆ ಹತ್ತಿರದ ದಿನಾಂಕ ಬಿಟ್ಟು, ಅದಕ್ಕಿಂತ ಎರಡು ಮುಂಚಿನದನ್ನು ಆರಿಸಿಕೊಳ್ಳಿ. ಆಗ ಒಂದು ರದ್ದಾದರೂ ಇನ್ನೊಂದು ಉಳಿದಿರುತ್ತದೆ.

ಕಾಯುವಾಗ ಸೀಟು ಹಿಡಿದಿಡುವುದು ಹೇಗೆ?

ಎಲ್ಲರೂ ಕೇಳುವ ಕೊನೆಯ ಪ್ರಶ್ನೆ ಇದು. ನೀಟ್ ಗೊಂದಲ ಮುಗಿಯುವವರೆಗೆ ಎಂಜಿನಿಯರಿಂಗೋ ಬಿಎಸ್‌ಸಿಯೋ ಸೇರಿಕೊಂಡಿರಬಹುದೇ? ಸೇರಿಕೊಳ್ಳಬಹುದು, ಆದರೆ ಬಿಡುವಾಗ ಎಷ್ಟು ಹಣ ಕೈಬಿಡುತ್ತದೆ ಎಂದು ಮೊದಲೇ ಲೆಕ್ಕ ಹಾಕಿ.

ಕೆಇಎ ಸೀಟು ಹಂಚಿದಾಗ ನಿಮ್ಮ ಮುಂದೆ ನಾಲ್ಕು ಆಯ್ಕೆ ಇರುತ್ತವೆ. ಮೊದಲನೆಯದು, ಈ ಸೀಟು ಒಪ್ಪಿದೆ, ಸೇರುತ್ತೇನೆ. ಎರಡನೆಯದು, ಸೀಟು ಇರಲಿ, ಆದರೆ ಇದಕ್ಕಿಂತ ಮೇಲಿನದು ಸಿಕ್ಕರೆ ಮುಂದಿನ ಸುತ್ತಿನಲ್ಲಿ ಕೊಡಿ. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕನೆಯದು, ನಾನು ಹೊರಟೆ. ಅನಿಶ್ಚಯದ ವರ್ಷದಲ್ಲಿ ಎರಡನೆಯದೇ ಕ್ಷೇಮ ಎನ್ನುತ್ತೇನೆ. ಮೂರನೆಯದರಲ್ಲಿ ಕೈಲಿದ್ದದ್ದೂ ಹೋಗುತ್ತದೆ. ಕೆಇಎ ಮೂಲಕ ಪಡೆದ ಸೀಟು ರದ್ದು ಮಾಡಲು ಅದರದ್ದೇ ಗಡುವು, ದಂಡ ಇರುತ್ತವೆ. ವೈದ್ಯಕೀಯ ಸೀಟಿಗೆ ಇವು ಬಹಳ ಬಿಗಿ. ಹಣ ಕಟ್ಟುವ ಮುಂಚೆ ಆ ವರ್ಷದ ಕೈಪಿಡಿಯ ಆ ಪುಟವನ್ನು ಓದಿ.

ಪದವಿ ಕಾಲೇಜಿಗೆ ನೇರ ಸೇರಿದ್ದರೆ, ವಿಶ್ವವಿದ್ಯಾಲಯಗಳ ಮೇಲಿನ ಯುಜಿಸಿಯ 2018ರ ನಿಯಮವಿದೆ. ಪ್ರವೇಶದ ಕೊನೇ ದಿನಕ್ಕೆ ಹದಿನೈದು ದಿನ ಮುಂಚೆ ಬಿಟ್ಟರೆ ಸಣ್ಣ ಸಂಸ್ಕರಣಾ ಶುಲ್ಕ ಹಿಡಿದುಕೊಂಡು ಪೂರ್ತಿ ಹಣ. ಅದಕ್ಕಿಂತ ತಡವಾಗಿ, ಕೊನೇ ದಿನದೊಳಗೆ ಬಿಟ್ಟರೆ ನೂರಕ್ಕೆ 90. ಕೊನೇ ದಿನ ಕಳೆದು ಹದಿನೈದು ದಿನದೊಳಗೆ 80, ಮೂವತ್ತು ದಿನದೊಳಗೆ 50. ಅದಾದ ಮೇಲೆ ಏನೂ ಇಲ್ಲ. ಬಿಡುವ ಅರ್ಜಿಯನ್ನು ಬರೆದು ಕೊಡಿ, ದಿನಾಂಕ ಹಾಕಿದ ಪ್ರತಿಯೊಂದು ನಿಮ್ಮಲ್ಲಿರಲಿ. ಆ ದಿನಾಂಕದ ಮೇಲೇ ಲೆಕ್ಕ ನಿಲ್ಲುತ್ತದೆ.

ಮೂಲ ಮಾರ್ಕ್ಸ್ ಕಾರ್ಡು, ಟಿಸಿಗಳನ್ನು ಕಾಲೇಜು ತನ್ನಲ್ಲೇ ಇಟ್ಟುಕೊಂಡು ‘ಪೂರ್ತಿ ಫೀಸು ಕಟ್ಟಿದರೆ ಕೊಡುತ್ತೇವೆ’ ಎನ್ನುವಂತಿಲ್ಲ. ಯುಜಿಸಿಯೂ, ಎಂಜಿನಿಯರಿಂಗ್ ಕಾಲೇಜುಗಳ ಮೇಲಿನ ಎಐಸಿಟಿಇಯೂ ಇದನ್ನು ಸ್ಪಷ್ಟವಾಗಿ ಹೇಳಿವೆ. ಆದರೂ ಕೌಂಟರಿನಲ್ಲಿ ಕೇಳುತ್ತಾರೆ. ಪರಿಶೀಲನೆಗೆ ತೋರಿಸಿ, ಅಲ್ಲೇ ನಿಂತು ವಾಪಸ್ ತೆಗೆದುಕೊಳ್ಳಿ. ಟಿಸಿ ಕೊಡಲೇಬೇಕಾಗಿ ಬಂದರೆ ಜೆರಾಕ್ಸ್ ಪ್ರತಿಯ ಮೇಲೆ ‘ಮೂಲ ಪ್ರತಿ ಸ್ವೀಕರಿಸಲಾಗಿದೆ’ ಎಂದು ಬರೆಸಿ, ಸಹಿ ಮೊಹರು ಹಾಕಿಸಿಕೊಂಡೇ ಗೇಟು ದಾಟಿ.